ಅಭ್ಯಾಸ ಆಗೋಕೆ ಎಷ್ಟು ದಿನ ಬೇಕು? ಇದೇ ನನ್ನ ಉತ್ತರ

"21 ದಿನ ಬಿಡದೆ ಮಾಡಿದರೆ ಯಾವ ಅಭ್ಯಾಸವಾದರೂ ಕೂತುಬಿಡುತ್ತಂತೆ, ಹೌದಾ?"

ಮೆದುಳು, ಚಲನೆ, ಕಲಿಕೆ ಇವುಗಳ ಬಗ್ಗೆ ಬಲ್ಲವರು ಸಿಕ್ಕರೆ ಸಾಕು, ಮೊದಲು ಬರುವುದು ಇದೇ ಪ್ರಶ್ನೆ. ಇಲ್ಲ ಎಂದರೆ ಕೇಳಿದವರ ಮುಖ ಬಾಡುತ್ತದೆ. ಮರುಗಳಿಗೆಗೆ "ಮತ್ತೆಷ್ಟು ದಿನ?" ದಿನದ ಲೆಕ್ಕ ಬಿಡಿ ಎಂದರೆ ಜಾರಿಕೊಳ್ಳುತ್ತಿದ್ದೀರಿ ಎಂಬ ಆರೋಪ. ನಾನು ಜಾರಿಕೊಳ್ಳುತ್ತಿಲ್ಲ. ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಆ 21 ಎಲ್ಲಿಂದ ಬಂತು ನೋಡಿ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರ ತಮ್ಮ ಪುಸ್ತಕದಲ್ಲಿ ಒಂದು ಗಮನಿಕೆ ದಾಖಲಿಸಿದರು: ಮುಖದ ಶಸ್ತ್ರಚಿಕಿತ್ಸೆ ಆದವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಸುಮಾರು 21 ದಿನ ಹಿಡಿಯುತ್ತದೆ. ಬಾಯಿಂದ ಬಾಯಿಗೆ ಹೋಗುತ್ತ 'ಕನಿಷ್ಠ' ಉದುರಿತು, 'ಸುಮಾರು' ಉದುರಿತು, ಕೊನೆಗೆ ಮುಖವೂ ಉದುರಿ 21 ಒಂದೇ ಉಳಿಯಿತು.

ನಿಜಕ್ಕೂ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. ಅವರ ಅಧ್ಯಯನ 2009ರಲ್ಲಿ ಹೊರಬಂತು. 96 ಜನ ತಾವೇ ಆರಿಸಿಕೊಂಡ ಒಂದೊಂದು ಕೆಲಸವನ್ನು ದಿನದ ಒಂದು ಗೊತ್ತಾದ ಸಂದರ್ಭಕ್ಕೆ ಕಟ್ಟಿಕೊಂಡು 84 ದಿನ ಮಾಡುತ್ತ ಹೋದರು. ಎಷ್ಟರಮಟ್ಟಿಗೆ ಯೋಚಿಸದೆ ಮಾಡಿದೆವು ಎಂದು ತಾವೇ ಅಂಕ ಕೊಟ್ಟುಕೊಂಡರು. ಆ ಅಂಕದ ಏರಿಕೆ ಸ್ಪಷ್ಟವಾಗಿ ಕಂಡವರ ಪೈಕಿ, ಅದು ಹೆಚ್ಚುಕಡಿಮೆ ತುದಿ ಮುಟ್ಟಲು ಹಿಡಿದ ಕಾಲದ ಮಧ್ಯಾಂಕ 66 ದಿನ, ಹರವು 18ರಿಂದ 254. ನಡೆದದ್ದು 84 ದಿನವಾದ್ದರಿಂದ 254 ಎನ್ನುವುದು ರೇಖೆಯನ್ನು ಮುಂದಕ್ಕೆ ಎಳೆದು ಮಾಡಿದ ಅಂದಾಜು. ಈಗ "21 ಅಲ್ಲ, 66" ಎಂಬ ಹೊಸ ಮಂತ್ರ ಶುರುವಾಗಿದೆ. ದಯವಿಟ್ಟು ಬೇಡ. ಆ ಅಧ್ಯಯನದಲ್ಲಿ ಎತ್ತಿ ಹೇಳಬೇಕಾದ್ದು ಬೇರೆ: ಒಂದು ದಿನ ತಪ್ಪಿದರೂ ಏರಿಕೆಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. 19ನೇ ದಿನ ತಪ್ಪಿತೆಂದು ಮತ್ತೆ ಒಂದರಿಂದ ಎಣಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗೊಂದಲದಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಸಂಗೀತಾಭ್ಯಾಸವೂ ಅಭ್ಯಾಸ, ಉಗುರು ಕಚ್ಚುವುದೂ ಅಭ್ಯಾಸ. ಬೆವರು ಸುರಿಸಿ ಕಲಿತದ್ದಕ್ಕೂ ತಾನಾಗಿ ಅಂಟಿದ್ದಕ್ಕೂ ಒಂದೇ ಪದ. ಮೆದುಳಿನಲ್ಲೂ ಇವೆರಡು ದೂರದವಲ್ಲ. ಎರಡಕ್ಕೂ ಬೇಕಾದದ್ದು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪು. ಕೆಲಸ ಹೊಸದಿದ್ದಾಗ ಫಲವನ್ನು ತೂಗಿ ನೋಡುವ ಅದರ ಕಾಡೇಟ್ ಭಾಗದ ಮೇಲೆ ಹೊರೆ ಹೆಚ್ಚು. ಅದನ್ನೇ ಮತ್ತೆ ಮತ್ತೆ ಮಾಡಿದಂತೆ ಹಿಡಿತ ಪಕ್ಕದ ಪುಟಾಮೆನ್‌ಗೆ ಸರಿಯುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆನ್ ಗ್ರೇಬೀಲ್ ಅವರ ಪ್ರಯೋಗಾಲಯದಲ್ಲಿ ಕವಲುದಾರಿಯಲ್ಲಿ ಓಡಲು ಕಲಿತ ಇಲಿಗಳ ಈ ಭಾಗದ ನರಕೋಶಗಳು ಮೊದಮೊದಲು ಓಟದ ಉದ್ದಕ್ಕೂ ಮಿಡಿಯುತ್ತಿದ್ದವು. ಓಟ ರೂಢಿಯಾದ ಮೇಲೆ ಮಿಡಿತ ಓಟದ ಮೊದಲಲ್ಲೂ ಕೊನೆಯಲ್ಲೂ ಗುಂಪುಗೂಡಿತು. ಬಿಡಿ ಬಿಡಿ ಹೆಜ್ಜೆಗಳೆಲ್ಲ ಸೇರಿ ಒಂದು ಕಟ್ಟು ಆದಂತೆ.

ಈ ಕಟ್ಟು ಒಮ್ಮೆ ಓಡತೊಡಗಿದರೆ ಫಲ ಹೇಗಿದ್ದರೂ ಕೈ ನಿಲ್ಲುವುದಿಲ್ಲ. 2011ರಲ್ಲಿ ಡೇವಿಡ್ ನೀಲ್, ವೆಂಡಿ ವುಡ್ ಮತ್ತಿತರರು ಸಿನಿಮಾ ನೋಡಲು ಬಂದವರಿಗೆ ಪಾಪ್‌ಕಾರ್ನ್ ಕೊಟ್ಟರು, ಕೆಲವರಿಗೆ ತಾಜಾ, ಕೆಲವರಿಗೆ ಏಳು ದಿನ ಹಳೆಯದು. ಸಿನಿಮಾದಲ್ಲಿ ತಿನ್ನುವ ಗಟ್ಟಿ ರೂಢಿ ಇದ್ದವರು, ಚೆನ್ನಾಗಿಲ್ಲ ಎಂದು ಗೊತ್ತಿದ್ದೂ, ಹಳಸಿದ್ದನ್ನು ತಾಜಾದಷ್ಟೇ ತಿಂದರು. ಅಂಥವರನ್ನೇ ಸಭೆಯ ಕೋಣೆಯಲ್ಲಿ ಕೂರಿಸಿದಾಗ ಹಳಸಿದ್ದನ್ನು ಕಡಿಮೆ ತಿಂದರು. ಸಿನಿಮಾ ಮಂದಿರದಲ್ಲೇ ರೂಢಿಯಿಲ್ಲದ ಕೈಯಿಂದ ತಿನ್ನಿ ಎಂದಾಗಲೂ ಹಾಗೇ ಆಯಿತು.

ಇದನ್ನು ಓದಿದ ಮೇಲೂ ನನ್ನನ್ನು "ಎಷ್ಟು ದಿನ" ಎಂದೇ ಕೇಳುತ್ತೀರಾ? "ಯಾವುದನ್ನು ಕಂಡರೆ ಕೈ ತಾನಾಗಿ ಹೊರಡಬೇಕು?" ಎಂದು ಕೇಳಿ, ಇಡೀ ದಿನ ಕೂತು ಉತ್ತರಿಸುತ್ತೇನೆ. 'ಬೆಳಿಗ್ಗೆ ವ್ಯಾಯಾಮ' ಎಂಬುದರಲ್ಲಿ ಕೈಯನ್ನು ಹೊರಡಿಸುವ ಸುಳಿವೇ ಇಲ್ಲ, ಬೆಳಿಗ್ಗೆ ಎಂದರೆ ನಾಲ್ಕು ಗಂಟೆಗಳಷ್ಟು ಉದ್ದದ ಹೊತ್ತು. 'ಹಲ್ಲುಜ್ಜಿ ಬ್ರಷ್ ಕೆಳಗಿಟ್ಟ ಕೂಡಲೇ ಐದು ಬಸ್ಕಿ' ಎನ್ನುವುದರಲ್ಲಿ ಇದೆ: ಕಣ್ಣಿಗೆ ಕಾಣುತ್ತದೆ, ದಿನವೂ ತಪ್ಪದೆ ಬರುತ್ತದೆ, ಹಿಂದೆಯೇ ಕೈ ಖಾಲಿ ಇರುತ್ತದೆ. ಫೋನಿನ ಅಲಾರಂ ನೆಚ್ಚಿದರೆ ಕೆಲಸ ಅಲಾರಂಗೇ ಅಂಟಿಕೊಳ್ಳುತ್ತದೆ, ಅದು ನಿಂತ ದಿನ ಕೆಲಸವೂ ನಿಲ್ಲುತ್ತದೆ. ಫಲವೂ ಹತ್ತಿರವೇ ಇರಬೇಕು. ನಿರೀಕ್ಷೆಗಿಂತ ಒಳ್ಳೆಯದು ಒದಗಿದಾಗ ಡೋಪಮೈನ್ ಎಂಬ ರಾಸಾಯನಿಕ ಸೂಸುವ ನರಕೋಶಗಳು ಕ್ಷಣಮಾತ್ರದಲ್ಲಿ ಚಿಮ್ಮುತ್ತವೆ ಎಂದು ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಜ್ ತೋರಿಸಿಕೊಟ್ಟರು. ಆರು ತಿಂಗಳ ನಂತರ ಕರಗುವ ತೂಕ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಇನ್ನು ಕೈಚಳಕದ ವಿಷಯ. ವಾದ್ಯವಿರಲಿ, ಟೈಪಿಂಗ್ ಇರಲಿ, "ಕೈಗೇ ನೆನಪಿರುತ್ತೆ" ಎನ್ನುತ್ತಾರೆ. ಬೆರಳಿನಲ್ಲಿ ಅಂಥ ನೆನಪಿಲ್ಲ, ಇರುವುದು ಮೆದುಳಿನಲ್ಲಿ, ಆದರೆ ಮಾತಿಗೆ ಸಿಗದ ಜಾಗದಲ್ಲಿ. ನುರಿತ ಟೈಪಿಸ್ಟ್‌ಗಳಿಗೆ ಒಂದು ಅಧ್ಯಯನದಲ್ಲಿ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು ಅಕ್ಷರ ತುಂಬಿಸಿ ಎಂದಾಗ 26ರಲ್ಲಿ ಸರಾಸರಿ ಸುಮಾರು 15ನ್ನಷ್ಟೇ ಸರಿಯಾಗಿ ಇಟ್ಟರು. ಚಲನೆಯ ತಪ್ಪನ್ನು ತಿದ್ದುವುದರಲ್ಲಿ ತಲೆಯ ಹಿಂಭಾಗದ ಸೆರೆಬೆಲಮ್‌ಗೆ ದೊಡ್ಡ ಪಾತ್ರ: ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರವೇ ಅದರ ಪಾಠ. ಆದರೆ ತಪ್ಪನ್ನು ತಿದ್ದದೆ ನೂರು ಸಲ ನುಡಿಸಿದರೆ ಆ ತಪ್ಪೇ ಕಟ್ಟಿನೊಳಗೆ ಸೇರಿಕೊಳ್ಳುತ್ತದೆ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂದವರಿಗೆ ಇದು ಗೊತ್ತಿತ್ತು.

ಆದ್ದರಿಂದ ಹೊಸ ತುಣುಕನ್ನು ತಪ್ಪಿಲ್ಲದೆ ಬರುವಷ್ಟು ನಿಧಾನಕ್ಕೆ ಇಳಿಸಿ. ಉದ್ದ ನಾಲ್ಕೈದು ಚಲನೆ ಸಾಕು. ಸತತ ಐದು ಸಲ ಸರಿ ಬಂದರೆ ವೇಗ ಒಂದು ಮೆಟ್ಟಿಲು ಏರಲಿ, ಎರಡು ಸಲ ಎಡವಿದರೆ ಒಂದು ಮೆಟ್ಟಿಲು ಇಳಿಯಲಿ. ತುಣುಕುಗಳ ಬೆಸುಗೆಯಲ್ಲೇ ಎಡವುವುದು ಹೆಚ್ಚು, ಹಾಗಾಗಿ ಹಿಂದಿನ ತುಣುಕಿನ ಕೊನೆಯ ಚಲನೆಯಿಂದಲೇ ಶುರುಮಾಡಿ. ಒಂದಿಷ್ಟು ಹಿಡಿತ ಸಿಕ್ಕ ಮೇಲೆ ಒಂದನ್ನೇ ಉಜ್ಜಬೇಡಿ, ಮೂರನ್ನು ಕಲಸಿ ಮಾಡಿ. ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ತೋರಿಸಿದ್ದು ಇದನ್ನೇ: ಕಲಸಿ ಮಾಡಿದವರು ಆ ಹೊತ್ತಿಗೆ ಹಿಂದೆ ಬಿದ್ದರು, ಹತ್ತು ದಿನ ಕಳೆದು ನೋಡಿದಾಗ ಮುಂದಿದ್ದರು. ಒಂದಕ್ಕೊಂದು ತದ್ವಿರುದ್ಧವಾದ ಚಲನೆಗಳನ್ನು ಮಾತ್ರ ಬೆನ್ನುಬೆನ್ನಿಗೆ ಕಲಿಯಬೇಡಿ. ಕೈಯನ್ನು ಒಂದು ಪಕ್ಕಕ್ಕೆ ತಳ್ಳುವ ರೋಬಾಟ್ ತೋಳು ಹಿಡಿಸಿ ಮಾಡಿದ 1996ರ ಪ್ರಯೋಗದಲ್ಲಿ ವಿರುದ್ಧ ಬಲದ ಪಾಠ ತಕ್ಷಣ ಬಂದಾಗ ಮೊದಲ ಪಾಠ ಕೆಟ್ಟಿತು, ನಾಲ್ಕು ಗಂಟೆ ಬಿಟ್ಟಾಗ ಉಳಿಯಿತು.

ತಪ್ಪಾಗಿ ಕೂತದ್ದನ್ನು ಅಳಿಸಬಹುದೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು. ಗ್ರೇಬೀಲ್ ಅವರ ಇಲಿಗಳಿಗೆ ಬಹುಮಾನ ನಿಲ್ಲಿಸಿದಾಗ ಆ ಮಿಡಿತದ ವಿನ್ಯಾಸ ಮಸುಕಾಯಿತು, ಬಹುಮಾನ ಮರಳಿ ಬಂದೊಡನೆ ವಿನ್ಯಾಸವೂ ಮರಳಿತು. ಹಳೆಯದು ಕೆಳಗೆ ಇದ್ದೇ ಇರುತ್ತದೆ. ಅದಕ್ಕೇ ವಾದ್ಯದ ಮೇಲೆ ತಪ್ಪು ಬೆರಳಿಡುವ ರೂಢಿ ಬಿಡಿಸಲು ಹೊರಟವರು ಹಳೆಯ ವೇಗದಲ್ಲಿ, ಹಳೆಯ ಸಾಲಿನಿಂದಲೇ ಶುರುಮಾಡಿದರೆ ಹಳೆಯ ಬೆರಳೇ ಮೊದಲು ಎದ್ದು ಬರುತ್ತದೆ. ಬೇರೆ ಸಾಲು ಹಿಡಿಯಿರಿ, ಕೂರುವ ಭಂಗಿ ಬದಲಿಸಿ, ಅರ್ಧ ವೇಗಕ್ಕೆ ಇಳಿಯಿರಿ. ಹಳೆಯ ಸಾಲಿಗೆ ಮರಳುವುದು ಹೊಸ ಬೆರಳು ಕೇಳದೆಯೇ ಏಳತೊಡಗಿದ ಮೇಲೆ.