ಕಾಪಾಡಿದ ಮೇಲಿನ ಕೆಲಸ

ಗಾಯಗೊಂಡ ಬೀದಿನಾಯಿಯನ್ನು ಚರಂಡಿಯಿಂದ ಎತ್ತಿ ಆಂಬುಲೆನ್ಸಿಗೆ ಹತ್ತಿಸುವ ವಿಡಿಯೊಗಳನ್ನು ನಾವೆಲ್ಲರೂ ನೋಡಿದ್ದೇವೆ. ಅವು ಸಾಮಾನ್ಯವಾಗಿ ಆಂಬುಲೆನ್ಸಿನ ಬಾಗಿಲು ಮುಚ್ಚುವಲ್ಲಿಗೆ ನಿಲ್ಲುತ್ತವೆ, ಇಲ್ಲವೇ ಆರು ತಿಂಗಳು ಹಾರಿ ಅದೇ ನಾಯಿ ಯಾರದೋ ಸೋಫಾದ ಮೇಲೆ ಮಲಗಿರುವುದನ್ನು ತೋರಿಸುತ್ತವೆ. ನಡುವಿನ ಕಾಲದಲ್ಲಿ ಏನು ನಡೆಯುತ್ತದೆ ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬೆಂಗಳೂರಿನ ಹೊರವಲಯದಲ್ಲಿರುವ ಪ್ರಾಣಿ ರಕ್ಷಣಾ ಕೇಂದ್ರವೊಂದಕ್ಕೆ ರಜಾದಿನಗಳಲ್ಲಿ ಹೋಗಿ ಕೈಲಾದ ಕೆಲಸ ಮಾಡಿಬರುವ ಅಭ್ಯಾಸ ನನಗಿದೆ. ಅಲ್ಲಿ ನನಗೆ ಮನವರಿಕೆಯಾದದ್ದು ಒಂದೇ ವಿಷಯ. ಇಂಥ ಕೇಂದ್ರದ ಆರೈಕೆಯನ್ನು ಅಳೆಯಬೇಕಾದದ್ದು ಒಳಗೆ ಎಷ್ಟು ನಾಯಿಗಳಿವೆ ಎಂಬುದರಿಂದಲ್ಲ, ಒಳಬಂದ ನಾಯಿ ಎಷ್ಟು ಬೇಗ ಮತ್ತು ಎಷ್ಟು ಗಟ್ಟಿಮುಟ್ಟಾಗಿ ಹೊರಗೆ ಹೋಗುತ್ತದೆ ಎಂಬುದರಿಂದ. ಅಲ್ಲಿನ ದಿನಚರಿಯೆಲ್ಲವೂ ಈ ಲೆಕ್ಕದ ಮೇಲೆಯೇ ನಿಂತಿದೆ.

ಹೊಸದಾಗಿ ಬಂದ ನಾಯಿಯನ್ನು ಎಂದಿಗೂ ನೇರವಾಗಿ ಇತರ ನಾಯಿಗಳ ನಡುವೆ ಬಿಡುವುದಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಅದರ ತೂಕ ನೋಡಿ, ಜ್ವರ ಅಳೆದು, ವಸಡಿನ ಬಣ್ಣ ಪರೀಕ್ಷಿಸಿ, ಕಿವಿ ಮತ್ತು ಬೆರಳುಗಳ ಸಂದಿಯಲ್ಲಿ ಉಣ್ಣಿಗಳಿವೆಯೇ ಎಂದು ಹುಡುಕುತ್ತಾರೆ. ನಾಯಿಯ ಸಹಜ ಉಷ್ಣಾಂಶವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ, ಮನುಷ್ಯರ ಲೆಕ್ಕದಲ್ಲಿ ಜ್ವರವೆನಿಸುವುದು ಅದಕ್ಕೆ ಆರೋಗ್ಯದ ಲಕ್ಷಣ. ಆಮೇಲೆ ಸಿಕ್ಕಿದ ಜಾಗವನ್ನು ಬರೆದುಕೊಳ್ಳುತ್ತಾರೆ. ಬಡಾವಣೆಯ ಹೆಸರು ಮಾತ್ರ ಸಾಲದು, ಯಾವ ಅಡ್ಡರಸ್ತೆ, ಯಾವ ಅಂಗಡಿಯ ಮುಂದೆ ಎಂಬುದೂ ದಾಖಲಾಗಬೇಕು. ವಾಸಿಯಾದ ನಾಯಿಯನ್ನು ಮರಳಿ ಬಿಡಬೇಕಾದದ್ದು ಅಲ್ಲಿಗೇ ಆದ್ದರಿಂದ ಈ ಒಂದು ಸಾಲು ಅದರ ಮುಂದಿನ ಬದುಕನ್ನು ನಿರ್ಧರಿಸುತ್ತದೆ. ಹಿಂದಿನ ದಾಖಲೆ ಇಲ್ಲದ ನಾಯಿಗೆ, ವೈದ್ಯರ ಆಕ್ಷೇಪವಿಲ್ಲದಿದ್ದರೆ, ಅಂದೇ ಲಸಿಕೆ ಬೀಳುತ್ತದೆ.

ಅಲ್ಲಿಂದ ಮುಂದೆ ಪ್ರತ್ಯೇಕವಾಸ. ಹೊರಗಿನಿಂದ ನೋಡುವವರಿಗೆ ಇದು ಕ್ರೂರವಾಗಿ ತೋರುತ್ತದೆ. ಹೆದರಿ ನಡುಗುತ್ತಿರುವ ಮರಿಯನ್ನು ಎತ್ತಿ ಮುದ್ದಾಡುವುದು ಬಿಟ್ಟು ಒಂಟಿಯಾಗಿ ಏಕೆ ಇಡುತ್ತೀರಿ ಎಂದು ಕೇಳುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಉತ್ತರ ಪಾರ್ವೋ ಎಂಬ ವೈರಾಣುವಿನಲ್ಲಿದೆ. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳನ್ನು ಅದು ಹೆಚ್ಚಾಗಿ ಹಿಡಿಯುತ್ತದೆ, ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ, ರಕ್ತಭೇದಿ ಮತ್ತು ವಾಂತಿಯಿಂದ ಮರಿ ಎರಡು ಮೂರು ದಿನಗಳಲ್ಲೇ ಬತ್ತಿಹೋಗುತ್ತದೆ. ವೈರಾಣುವನ್ನು ಕೊಲ್ಲುವ ಖಚಿತ ಔಷಧಿ ಇಲ್ಲದ ಕಾರಣ ಚಿಕಿತ್ಸೆಯೆಂದರೆ ಡ್ರಿಪ್, ವಾಂತಿ ತಡೆಯುವ ಚುಚ್ಚುಮದ್ದು, ಇತರ ಸೋಂಕು ಹಬ್ಬದಂತೆ ಆ್ಯಂಟಿಬಯಾಟಿಕ್, ಮತ್ತು ರಾತ್ರಿಯಿಡೀ ಪಕ್ಕದಲ್ಲಿ ಒಬ್ಬರ ಕಾವಲು. ಸೋಂಕು ತಗುಲಿದ ಮರಿ ಲಕ್ಷಣಗಳು ಕಾಣುವುದಕ್ಕೆ ಮೊದಲೇ ಮಲದಲ್ಲಿ ವೈರಾಣುವನ್ನು ಹೊರಹಾಕಲು ತೊಡಗಬಹುದು. ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಉಳಿಯುತ್ತದೆ, ಸುವಾಸನೆಯ ಫಿನಾಯಿಲಿನಿಂದ ಅದು ಸಾಯುತ್ತದೆಂದು ನಂಬುವಂತಿಲ್ಲ. ಮಲವನ್ನು ಪೂರ್ತಿ ತೆಗೆದು, ನೆಲವನ್ನು ಸೋಪಿನಿಂದ ತೊಳೆದು, ಅನಂತರ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಸುಮಾರು ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷವಾದರೂ ನೆಲ ಒದ್ದೆಯಾಗಿರುವಂತೆ ಬಿಡಬೇಕು. ಕೊಳಕಿನ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳಕಿಗೇ ಖರ್ಚಾಗುತ್ತದೆ. ಒಂದು ಮರಿಯನ್ನು ಮುದ್ದಾಡಿದ ಕೈಯಿಂದ ಇನ್ನೊಂದನ್ನು ಮುಟ್ಟುವ ಸಂದರ್ಶಕ ಎಂಥ ಹಾನಿ ಮಾಡಬಲ್ಲ ಎಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು.

ಡಿಸ್ಟೆಂಪರ್ ಇದಕ್ಕಿಂತ ಬೇರೆ ಸ್ವಭಾವದ್ದು. ಆ ವೈರಾಣು ಹೊರಗಿನ ಗಾಳಿ ಬಿಸಿಲಿನಲ್ಲಿ ಹೆಚ್ಚು ಹೊತ್ತು ಬದುಕದಿದ್ದರೂ ಕೆಮ್ಮು ಸೀನುಗಳ ಮೂಲಕ ಪಕ್ಕದ ನಾಯಿಗೆ ಸುಲಭವಾಗಿ ದಾಟುತ್ತದೆ. ಮೊದಲು ಕಣ್ಣು ಮೂಗಿನಲ್ಲಿ ಪಿಸುರು, ಕೆಮ್ಮು, ಭೇದಿ, ವಾರಗಳ ನಂತರ ದವಡೆ ಅದುರುವ ಫಿಟ್ಸ್ ಅಥವಾ ಕಾಲಿನ ಒಂದೇ ಸಮನಾದ ಸೆಳೆತ ಕಾಣಿಸಿಕೊಳ್ಳುತ್ತದೆ. ಸೆಳೆತ ಉಳಿದೂ ಬದುಕಿ ಚೆನ್ನಾಗಿ ಓಡಾಡುವ ನಾಯಿಗಳನ್ನು ನಾನು ನೋಡಿದ್ದೇನೆ. ಫಿಟ್ಸ್ ನಿಲ್ಲದೆ ನರಳುವ ನಾಯಿಗೆ ಮಾತ್ರ ವೈದ್ಯರು ನೋವಿಲ್ಲದ ಸಾವನ್ನು ಸೂಚಿಸುತ್ತಾರೆ. ಈ ತೀರ್ಮಾನದ ಬಗ್ಗೆ ಸಿಬ್ಬಂದಿಯಲ್ಲಿ ಪ್ರತಿಸಲವೂ ವಾದ ನಡೆಯುತ್ತದೆ. ವಾದವೇ ನಡೆಯದ ಕೇಂದ್ರದ ಮೇಲೆ ನನಗೆ ಅಷ್ಟು ನಂಬಿಕೆ ಹುಟ್ಟುವುದಿಲ್ಲ.

ಹೀಗಾಗಿ ಬೆಳಗಿನ ಶುಚಿ ಕೆಲಸಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ಆರೋಗ್ಯವಂತ ಮರಿಗಳಿಂದ ಆರಂಭಿಸಿ, ಆರೋಗ್ಯವಂತ ದೊಡ್ಡ ನಾಯಿಗಳು, ಹೊಸದಾಗಿ ಬಂದವು, ಕೊನೆಗೆ ಸೋಂಕಿನ ವಾರ್ಡು ಎಂಬಂತೆ ಕೆಲಸ ಒಂದೇ ದಿಕ್ಕಿನಲ್ಲಿ ಸಾಗಬೇಕು. ಹಿಂದಕ್ಕೆ ಬರುವಂತಿಲ್ಲ. ಸೋಂಕಿನ ವಾರ್ಡಿಗೆ ಅದರದೇ ಪೊರಕೆ, ಬಕೆಟ್, ಚಪ್ಪಲಿ ಮತ್ತು ಸಾಧ್ಯವಾದಾಗಲೆಲ್ಲ ಅದರದೇ ಕೆಲಸಗಾರರು. ಕೇಂದ್ರದಲ್ಲಿ ಎಲ್ಲರಿಗಿಂತ ಹಿರಿಯರಾದ ಆರೈಕೆಗಾರರನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತೇವೆ. ಹೊಸದಾಗಿ ಸೇರಿದವರಿಗೆ ಅವರು ಮೊದಲು ತೋರಿಸುವುದು ನಾಯಿಗಳನ್ನಲ್ಲ, ನೆಲದ ಇಳಿಜಾರನ್ನು. ಒಂದು ಗೂಡಿನ ಕೊಳಚೆ ನೀರು ಇನ್ನೊಂದು ಗೂಡನ್ನು ಹಾದುಹೋಗದಂತೆ ಪ್ರತಿಯೊಂದಕ್ಕೂ ಬೇರೆ ಕಾಲುವೆ ಇರಬೇಕು, ಇಲ್ಲದಿದ್ದರೆ ಎಷ್ಟು ತೊಳೆದರೂ ರೋಗವನ್ನು ಹಂಚಿದಂತೆಯೇ ಸರಿ.

ರೇಬೀಸ್ ಸಂಶಯವಿರುವ ನಾಯಿಗೆ ಬೇರೆಯದೇ ಕೋಣೆಯಿದ್ದು, ಹೊರಗಿನಿಂದಲೇ ನೀರು ಆಹಾರ ಸರಿಸುವ ವ್ಯವಸ್ಥೆ ಇರುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ನಾಯಿ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಸಾಯುತ್ತದೆ, ಆದ್ದರಿಂದಲೇ ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕೆನ್ನುವ ನಿಯಮ ಬಂದಿದೆ. ಸತ್ತ ನಾಯಿಯ ಮೆದುಳಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ರೋಗ ಖಚಿತವಾಗುತ್ತದೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ಈ ಪರೀಕ್ಷೆಯ ಸೌಲಭ್ಯವಿರುವುದು ದೊಡ್ಡ ಅನುಕೂಲ.

ಊಟದ ವಿಷಯ ಹೆಚ್ಚಿನ ದಿನ ಸರಳ. ದೊಡ್ಡ ಪಾತ್ರೆಯಲ್ಲಿ ಅನ್ನ, ಕೋಳಿ ಮಾಂಸ, ಸಿಹಿಗುಂಬಳ ಬೇಯುತ್ತವೆ, ಈರುಳ್ಳಿ ಮಾತ್ರ ಬೀಳುವಂತಿಲ್ಲ. ಎಚ್ಚರ ಬೇಕಾಗುವುದು ಬಹುಕಾಲ ಉಪವಾಸವಿದ್ದು ಎಲುಬಿನ ಗೂಡಾಗಿ ಬಂದ ನಾಯಿಯ ವಿಷಯದಲ್ಲಿ. ಅದರ ಮುಂದೆ ತಟ್ಟೆ ತುಂಬ ಊಟ ಇಡಬೇಕೆನ್ನಿಸುವುದು ಸಹಜವೇ, ಆದರೆ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಸಿಕ್ಕಾಗ ರಕ್ತದಲ್ಲಿನ ಫಾಸ್ಫೇಟ್ ಮತ್ತು ಪೊಟ್ಯಾಸಿಯಂ ಕುಸಿದು ಹೃದಯವೇ ನಿಲ್ಲಬಹುದು. ಆದ್ದರಿಂದ ಮೊದಲ ಕೆಲವು ದಿನ ಅಳತೆ ಮಾಡಿದ ಸಣ್ಣ ಪಾಲನ್ನು ದಿನಕ್ಕೆ ಹಲವು ಸಲ ಕೊಡುತ್ತ ಹಂತಹಂತವಾಗಿ ಹೆಚ್ಚಿಸುತ್ತಾರೆ.

ಮಳೆಗಾಲ ಬಂದರೆ ಹುಳು ಬಿದ್ದ ಗಾಯಗಳ ಸಾಲು. ಹುಳುಗಳನ್ನು ಹೊರಗೆ ಬರಿಸಿ ಒಂದೊಂದಾಗಿ ಇಕ್ಕಳದಿಂದ ತೆಗೆಯುವ ಕೆಲಸಕ್ಕೆ ತಾಳ್ಮೆಯ ಜೊತೆಗೆ ಗಟ್ಟಿ ಹೊಟ್ಟೆಯೂ ಬೇಕು. ಉಣ್ಣಿ ಜ್ವರದ ನಾಯಿಗಳಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಬಿಡದೆ ಕೊಡಬೇಕಾಗುತ್ತದೆ, ರಕ್ತ ತೀರಾ ಇಳಿದಿದ್ದರೆ ಮತ್ತೊಂದು ನಾಯಿಯ ರಕ್ತವನ್ನೂ ಏರಿಸುತ್ತಾರೆ. ಬೀದಿನಾಯಿಗಳ ಜನನಾಂಗದಲ್ಲಿ ಬೆಳೆಯುವ ಟಿವಿಟಿ ಎಂಬ ಗಡ್ಡೆಯದು ಒಂದು ವಿಚಿತ್ರ ಕಥೆ. ಅದು ಕೂಡುವಿಕೆಯ ಮೂಲಕ ಜೀವಕೋಶಗಳೇ ನಾಯಿಯಿಂದ ನಾಯಿಗೆ ದಾಟಿ ಹಬ್ಬುವ ಕ್ಯಾನ್ಸರ್. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಯಾವುದೋ ಒಂದು ನಾಯಿಯ ಜೀವಕೋಶಗಳ ಸಂತತಿಯೇ ಇಂದು ನಮ್ಮ ಬೀದಿಯ ನಾಯಿಗಳಲ್ಲೂ ಇದೆ. ನೋಡಲು ಭೀಕರವಾದರೂ ವಾರಕ್ಕೊಂದರಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಬಹುಪಾಲು ನಾಯಿಗಳಲ್ಲಿ ಅದು ಕರಗಿಹೋಗುತ್ತದೆ.

ಬೆನ್ನುಹುರಿ ಮುರಿದ ನಾಯಿಗಳ ಅಂಗಳದಲ್ಲಿ ನಾನು ಹೆಚ್ಚು ಹೊತ್ತು ಕಳೆಯುತ್ತೇನೆ. ವಾಹನ ಹರಿದು ಹಿಂಗಾಲುಗಳ ಸ್ವಾಧೀನ ತಪ್ಪಿದ ಇವುಗಳಲ್ಲಿ ಅನೇಕಕ್ಕೆ ತಾವಾಗಿ ಮೂತ್ರ ಮಾಡಲೂ ಆಗುವುದಿಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ ಹೊಟ್ಟೆಯ ಎರಡೂ ಬದಿಗೆ ಅಂಗೈ ಇಟ್ಟು, ಮೂತ್ರಕೋಶ ಎಲ್ಲಿದೆಯೆಂದು ತಡವಿ ಕಂಡುಕೊಂಡು, ನಿಧಾನವಾಗಿ ಒತ್ತಿ ಖಾಲಿ ಮಾಡಿಸಬೇಕು. ಮೂತ್ರ ಒಳಗೇ ಉಳಿದರೆ ಸೋಂಕಾಗಿ ಕಿಡ್ನಿಗೆ ಏರುತ್ತದೆ. ಒಂದೇ ಮಗ್ಗುಲಲ್ಲಿ ಬಿದ್ದುಕೊಂಡರೆ ಎಲುಬು ಉಬ್ಬಿದ ಕಡೆಯೆಲ್ಲ ಹುಣ್ಣಾಗುವುದರಿಂದ ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸುತ್ತ, ದಪ್ಪ ಹಾಸಿಗೆಯನ್ನು ಒಣಗಿದಂತೆಯೇ ಇಡುತ್ತ, ಸತ್ತಂತಿರುವ ಕಾಲುಗಳನ್ನು ಸೈಕಲ್ ತುಳಿಯುವ ರೀತಿಯಲ್ಲಿ ಆಡಿಸುತ್ತ ಇರಬೇಕು. ಪಿವಿಸಿ ಪೈಪು ಮತ್ತು ಸಣ್ಣ ಚಕ್ರಗಳಿಂದ ಮಾಡಿದ ಗಾಡಿಯನ್ನು ಕಟ್ಟಿದರೆ ಇವುಗಳ ಓಟವನ್ನು ಹಿಡಿಯುವುದು ಕಷ್ಟ. ಗಾಡಿಯಲ್ಲಿ ಮಲಗಲು ಬರುವುದಿಲ್ಲ, ಬೆಲ್ಟು ಉಜ್ಜಿದಲ್ಲಿ ಚರ್ಮ ಕಿತ್ತುಬರುತ್ತದೆ, ಆದ್ದರಿಂದ ಸ್ವಲ್ಪ ಹೊತ್ತಿಗೆಲ್ಲ ಬಿಚ್ಚಿ ಇಳಿಸಬೇಕು. ಗಾಡಿಯ ಓಟದ ವಿಡಿಯೊ ಲಕ್ಷಾಂತರ ಜನರನ್ನು ಮುಟ್ಟುತ್ತದೆ. ನಾಯಿಯನ್ನು ಉಳಿಸಿರುವುದು ಮಾತ್ರ ಬೆಳಿಗ್ಗೆ ಆರಕ್ಕೆ ಅದರ ಮೂತ್ರಕೋಶವನ್ನು ಒತ್ತುವ ಕೈ.

ಹೆದರಿಕೆಯ ಚಿಕಿತ್ಸೆಗೆ ಔಷಧಿಗಿಂತ ಮೌನ ಮುಖ್ಯ. ಕಾಂಕ್ರೀಟ್ ಗೋಡೆಯ ಗೂಡುಗಳಲ್ಲಿ ಒಂದು ಬೊಗಳಿದರೆ ಎಲ್ಲವೂ ಬೊಗಳಿ, ಶಬ್ದ 100 ಡೆಸಿಬಲ್ ದಾಟುವುದುಂಟು. ನಮಗಿಂತ ಎಷ್ಟೋ ಸೂಕ್ಷ್ಮವಾಗಿ ಕೇಳಬಲ್ಲ ಪ್ರಾಣಿಗೆ ಅದರಲ್ಲಿ ನಿದ್ದೆ ಎಲ್ಲಿಂದ ಬರಬೇಕು? ಎದುರುಬದುರು ಗೂಡುಗಳ ನಡುವೆ ಗೋಣಿತಾಟಿನ ಪರದೆ ಕಟ್ಟುವುದು, ಮಧ್ಯಾಹ್ನ ಎರಡು ಗಂಟೆ ಯಾರೂ ಒಳಗೆ ಹೋಗದಿರುವುದು ಇಂಥ ಸಣ್ಣ ಉಪಾಯಗಳಿಂದ ಬಹಳ ವ್ಯತ್ಯಾಸವಾಗುತ್ತದೆ. ಮೂಲೆ ಸೇರಿದ ನಾಯಿಯ ಗೂಡಿನಲ್ಲಿ ಅದರತ್ತ ಪಕ್ಕ ತಿರುಗಿ ಕುಳಿತು, ಕಣ್ಣಲ್ಲಿ ಕಣ್ಣಿಡದೆ, ಸುಮ್ಮನೆ ಪತ್ರಿಕೆ ಓದುವುದೇ ನನಗೆ ವಹಿಸಿದ ಕೆಲಸಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಎಂದು ಅಣ್ಣ ಹೇಳುತ್ತಾರೆ. ಅದು ನನ್ನ ಉಳಿದ ಕೆಲಸಗಳ ಬಗೆಗಿನ ಟೀಕೆಯೂ ಇರಬಹುದು.

ವಾಸಿಯಾದ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗಾಗಿ ಕಿವಿಯ ತುದಿಯನ್ನು ಕತ್ತರಿಸಿ, ಅದರ ಬೀದಿಗೆ ಒಯ್ದು ಬಿಡುತ್ತಾರೆ. ಚೆನ್ನೈನ ಬ್ಲೂ ಕ್ರಾಸ್ ಎಂಬ ಪ್ರಾಣಿದಯಾ ಸಂಸ್ಥೆ 1964ರಲ್ಲೇ ಆರಂಭಿಸಿದ ಈ ವಿಧಾನವನ್ನು ಕೇಂದ್ರ ಸರ್ಕಾರದ 2001ರ ನಿಯಮಗಳು ದೇಶಕ್ಕೆಲ್ಲ ಅನ್ವಯಿಸಿದವು, 2023ರ ಹೊಸ ನಿಯಮಗಳೂ ಅದನ್ನೇ ಉಳಿಸಿಕೊಂಡವು. ನಾಯಿಯನ್ನು ಬೇರೆಡೆ ಬಿಟ್ಟರೆ ಅಲ್ಲಿನ ಗುಂಪು ಅದನ್ನು ಹರಿದುಹಾಕುತ್ತದೆ, ಖಾಲಿಯಾದ ಅದರ ಬೀದಿಗೆ ಲಸಿಕೆಯಿಲ್ಲದ ಹೊಸ ನಾಯಿ ಬಂದು ಸೇರುತ್ತದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ರೇಬೀಸ್ ಇರುವ ಮತ್ತು ಆಕ್ರಮಣಶೀಲ ನಾಯಿಗಳ ಹೊರತು ಉಳಿದವನ್ನು ಅದೇ ಜಾಗಕ್ಕೆ ಮರಳಿಸಲು ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಕಡೆಯಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡದೆ ಆಶ್ರಯತಾಣಗಳಲ್ಲಿ ಇರಿಸಲು ಆದೇಶಿಸಿತು. ಮಕ್ಕಳ ಸುರಕ್ಷತೆಯ ಕಾಳಜಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೊರಹೋಗುವ ಬಾಗಿಲಿಲ್ಲದ ನಾಯಿಗಳು ಬಂದು ತುಂಬಿಕೊಂಡಷ್ಟೂ ಗಾಯಗೊಂಡು ಬರುವ ನಾಯಿಗೆ ಪ್ರತ್ಯೇಕ ಗೂಡು ಸಿಗುವುದು ಕಷ್ಟವಾಗುತ್ತದೆ, ಗೂಡು ಕಡಿಮೆಯಾದಷ್ಟೂ ಪಾರ್ವೋ ಮತ್ತು ಡಿಸ್ಟೆಂಪರ್ ಹೆಚ್ಚುತ್ತವೆ ಎಂಬುದು ಒಳಗೆ ಕೆಲಸ ಮಾಡುವವರ ನೇರ ಆತಂಕ.

ಬೀದಿಗೆ ಮರಳಲಾಗದ ಇನ್ನೊಂದು ವರ್ಗವಿದೆ, ಸಾಕಿದವರೇ ಬಿಟ್ಟುಹೋದ ಜಾತಿನಾಯಿಗಳು. ಫ್ಲ್ಯಾಟಿನ ಬಾಲ್ಕನಿಯಲ್ಲಿ ಬೆಳೆದ ಹಸ್ಕಿ, ಮರಿ ಹಾಕಿಸಿ ಹಾಕಿಸಿ ಸೋತ ಮೇಲೆ ಹೆದ್ದಾರಿಯಲ್ಲಿ ಇಳಿಸಿಹೋದ ಲ್ಯಾಬ್ರಡಾರ್. ಇವಕ್ಕೆ ದತ್ತು ಕೇಳುವವರು ಬೇಗ ಸಿಗುತ್ತಾರೆ, ಹಾಗಾಗಿಯೇ ಇಲ್ಲಿ ವಿಚಾರಣೆ ಹೆಚ್ಚು. ಮನೆಯ ಎಲ್ಲರ ಒಪ್ಪಿಗೆ ಇದೆಯೇ, ಬಾಡಿಗೆ ಮನೆಯಾದರೆ ಮಾಲೀಕರು ಏನು ಹೇಳುತ್ತಾರೆ, ಊರಿಗೆ ಹೋದಾಗ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಕೇಳಿ, ಮನೆಗೂ ಹೋಗಿ ನೋಡಿಯೇ ಕೊಡುತ್ತಾರೆ. ನಮ್ಮ ದೇಸಿ ಮರಿಗಳಿಗೆ ಇಷ್ಟು ಗಿರಾಕಿಗಳಿಲ್ಲ. ಈ ಹವೆಗೆ ಅವುಗಳಷ್ಟು ಹೊಂದುವ ನಾಯಿ ಬೇರೊಂದಿಲ್ಲ ಎಂದು ಎಷ್ಟು ಹೇಳಿದರೂ ಕೇಳುವವರು ಕಡಿಮೆ.

ದಾನಿಗಳು ಶಸ್ತ್ರಚಿಕಿತ್ಸೆಗೆ, ಚಕ್ರದ ಗಾಡಿಗೆ ಉದಾರವಾಗಿ ಕೊಡುತ್ತಾರೆ. ಚರಂಡಿ ಸರಿಪಡಿಸಲು, ಬ್ಲೀಚ್ ಕೊಳ್ಳಲು, ಆರೈಕೆಗಾರರ ಸಂಬಳಕ್ಕೆ ಕೊಡುವವರು ವಿರಳ. ಕೊಡುವ ಮನಸ್ಸಿದ್ದವರು ನಿಮ್ಮ ಊರಿನ ಕೇಂದ್ರವನ್ನು ಮೊದಲು ಇದರ ಬಗ್ಗೆಯೇ ಕೇಳಿ ಎನ್ನುತ್ತೇನೆ. ಕೈಯಿಂದ ಕೆಲಸ ಮಾಡಲು ಬರುವವರು ಮುಂಚಿತವಾಗಿಯೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು, ಆದರೂ ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಿ ಮತ್ತೆ ಲಸಿಕೆ ಪಡೆಯಬೇಕು. ಮನೆಯಲ್ಲಿ ಲಸಿಕೆ ಪೂರ್ತಿಯಾಗದ ಮರಿ ಇರುವವರು ಸದ್ಯಕ್ಕೆ ಬರದಿರುವುದೇ ಒಳ್ಳೆಯದು, ಬಂದರೂ ಆ ದಿನದ ಚಪ್ಪಲಿಯನ್ನು ಮನೆಯೊಳಗೆ ತರಬಾರದು.