ಸೋವಿ ಟಾರ್ಚು, ಆಚೆ ಬದುವಿನ ಹಂದಿ: ಕೆಲಸ ಎಲ್ಲಿಗೆ ಬಂತು

ಗುರಿ ಇಷ್ಟೇ. ರಾಣೇಬೆನ್ನೂರು ತಾಲೂಕಿನ ನಮ್ಮ ಹೊಲದ ಅಟ್ಟಣಿಗೆ ಮೇಲೆ ಕೂತರೆ, ಸುಮಾರು 250 ಮೀಟರ್ ದೂರದ ಆಚೆ ಬದುವಿನಲ್ಲಿ ಏನು ಓಡಾಡುತ್ತಿದೆ ಅಂತ ಕಾಣಬೇಕು. ಸೆಲ್ಲು, ಚಾರ್ಜರ್ ಎಲ್ಲ ಸೇರಿ ಖರ್ಚು ಮೂರು ಸಾವಿರ ದಾಟಬಾರದು. ಗೋವಿನಜೋಳ ಹಾಲುಗಾಳು ಕಟ್ಟುವುದರೊಳಗೆ ತಯಾರಾಗಬೇಕು. ಹಂದಿಗಳು ಕಾಯುವುದೂ ಅದೇ ಹೊತ್ತಿಗೆ.

ಕಾರಹುಣ್ಣಿಮೆ ಆದ ಮೇಲೆ

ಕಾಕಾನ ಹತ್ತಿರ ಆಗಲೇ ಒಂದು ಜೂಮ್ ಟಾರ್ಚು ಇದೆ. ಅದರ ಡಬ್ಬಿ ಮೇಲೆ ‘2 ಕಿ.ಮೀ.’ ಅಂತ ದಪ್ಪಕ್ಷರದಲ್ಲಿ ಬರೆದಿದೆ. "ಇದ್ರಾಗ ಚಿಗರಿ ಕಾಣತಾವು, ಹಂದಿ ಕಾಣಂಗಿಲ್ಲ ನೋಡ" ಅಂತ ಕಾಕಾ ಯಾವಾಗಲೂ ಹೇಳುತ್ತಿರುತ್ತಾನೆ. ಹಂದಿ ಜಾಣ ಇರಬೇಕು ಅಂತ ಅವನ ಲೆಕ್ಕ. ನಿಜವಾದ ಕಾರಣ ಕಣ್ಣಿನಲ್ಲಿದೆ. ಚಿಗರಿ (ಕೃಷ್ಣಮೃಗ), ನರಿ, ನಾಯಿ, ದನ ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇರುತ್ತದೆ. ಬಡಕಲು ಬೆಳಕು ಬಿದ್ದರೂ ಎರಡು ಚುಕ್ಕಿ ಹೊಳೆಯುತ್ತವೆ. ಹಂದಿಗೆ ಆ ಪದರವೇ ಇಲ್ಲ. ಅದರ ಮೈ ಮೇಲೆ, ಸುತ್ತಲಿನ ಬೆಳೆ ಮೇಲೆ ಸಾಕಷ್ಟು ಬೆಳಕು ಬಿದ್ದರೆ ಮಾತ್ರ ಅದು ಕಾಣುತ್ತದೆ. ಅಂದರೆ ನಮಗೆ ಬೇಕಿರುವುದು ಕಣ್ಣು ಹೊಳೆಸುವ ಟಾರ್ಚಲ್ಲ, ಬದುವನ್ನೇ ಬೆಳಗುವ ಟಾರ್ಚು.

ಇಲ್ಲಿಂದ ಲೆಕ್ಕ ಶುರು. ಡಬ್ಬಿ ಮೇಲೆ ಎಲ್ಲರೂ ಲ್ಯೂಮೆನ್ ಬರೆಯುತ್ತಾರೆ. ಅದು ಟಾರ್ಚಿನಿಂದ ಒಟ್ಟು ಎಷ್ಟು ಬೆಳಕು ಹೊರಬರುತ್ತದೆ ಅನ್ನುವ ಅಳತೆ. ದೂರಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ದಿಕ್ಕಿಗೆ ಎಷ್ಟು ಗಟ್ಟಿಯಾಗಿ ಹೋಗುತ್ತದೆ ಅನ್ನುವುದು ಕ್ಯಾಂಡೆಲಾ, ನೋಡಬೇಕಾದದ್ದು ಅದನ್ನು. ಬೆಳಕು ಬಿದ್ದ ಜಾಗದಲ್ಲಿ ಅದು ಎಷ್ಟಿದೆ ಅನ್ನುವ ಅಳತೆ ಲಕ್ಸ್. ಟಾರ್ಚಿನ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವನ್ನೇ ಅದರ ದೂರ ಅಂತ ಕಂಪನಿಗಳು ಹಿಡಿಯುತ್ತವೆ. ಶುಭ್ರ ಹುಣ್ಣಿಮೆ ರಾತ್ರಿಯ ಬೆಳಕು ಹೆಚ್ಚುಕಡಿಮೆ ಅಷ್ಟಿರುತ್ತದೆ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಆ ದೂರ ಮೀಟರಿನಲ್ಲಿ ಸಿಗುತ್ತದೆ. ಇದನ್ನೇ ತಿರುಗಿಸಿ ನೋಡಿ: 2 ಕಿ.ಮೀ. ಬೇಕಾದರೆ ಹತ್ತು ಲಕ್ಷ ಕ್ಯಾಂಡೆಲಾ ಬೇಕು. ಅಂಗೈಯಗಲದ ಪ್ಲಾಸ್ಟಿಕ್ ಲೆನ್ಸಿನ ಟಾರ್ಚಿಗೆ ಅದು ಆಗದ ಮಾತು.

ಕಾಕಾನ ಟಾರ್ಚನ್ನು ಅಳೆದೂ ನೋಡಿದೆ. ಕತ್ತಲ ಪಡಸಾಲೆಯಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರ ನಿಂತು, ಗೋಡೆಗೆ ಆನಿಸಿಟ್ಟ ಮೊಬೈಲಿನ ಲಕ್ಸ್ ಆ್ಯಪ್ ಮೇಲೆ ಬೆಳಕಿನ ನಡುಭಾಗ ಬೀಳುವಂತೆ ಹಿಡಿಯಬೇಕು. ಬಂದ ಲಕ್ಸನ್ನು ನೂರರಿಂದ ಗುಣಿಸಿದರೆ ಕ್ಯಾಂಡೆಲಾ. ಮೊಬೈಲಿನ ಸೆನ್ಸರ್ ಒರಟು ಅಳತೆಯದು, ಆದರೆ ಎರಡು ಟಾರ್ಚನ್ನು ಹೋಲಿಸಲು ಸಾಕು. ಬಂದದ್ದು 60 ಲಕ್ಸ್, ಅಂದರೆ 6,000 ಕ್ಯಾಂಡೆಲಾ. ದೂರ 155 ಮೀಟರ್. ನಮ್ಮ ಆಚೆ ಬದುವಿಗೆ ಮುಟ್ಟುವುದು ಹುಣ್ಣಿಮೆ ಬೆಳಕಿನ ಅರ್ಧಕ್ಕೂ ಕಡಿಮೆ.

ಆಷಾಢದಲ್ಲಿ: ಟಾರ್ಚು

ದೂರ ಹೊಡೆಯುವ ಟಾರ್ಚಿನ ಗುಟ್ಟು ಎರಡರಲ್ಲಿದೆ: ಎಲ್‌ಇಡಿ ಚಿಕ್ಕದಿರಬೇಕು, ಬೆಳಕನ್ನು ಮುಂದಕ್ಕೆ ಕಳಿಸುವ ಬಟ್ಟಲು, ಅಂದರೆ ರಿಫ್ಲೆಕ್ಟರ್, ದೊಡ್ಡದಿರಬೇಕು. ಎಲ್‌ಇಡಿಯ ಒಂದೊಂದು ಚದರ ಮಿಲಿಮೀಟರ್ ಎಷ್ಟು ಪ್ರಖರವಾಗಿ ಉರಿಯುತ್ತದೆ ಅನ್ನುವುದೇ ಮುಖ್ಯ. ನಾಲ್ಕು ಚಿಪ್ಪಿನ ದೊಡ್ಡ ಎಲ್‌ಇಡಿ ಒಟ್ಟು ಬೆಳಕು ಜಾಸ್ತಿ ಕೊಡುತ್ತದೆ, ಆದರೆ ಅದು ಅಗಲಕ್ಕೆ ಹರಡಿ ಹೋಗುತ್ತದೆ. ಎಲ್‌ಇಡಿ ಮೇಲಿನ ಗುಮ್ಮಟದಂಥ ಸಿಲಿಕಾನ್ ಮುಚ್ಚಳ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಮುಚ್ಚಳ ಚಿಪ್ಪನ್ನು ದೊಡ್ಡದಾಗಿ ತೋರಿಸುತ್ತದೆ. ರಿಫ್ಲೆಕ್ಟರಿನ ಅಗಲ ಎರಡು ಪಟ್ಟಾದರೆ ಕ್ಯಾಂಡೆಲಾ ನಾಲ್ಕು ಪಟ್ಟು. ಒಳಮೈ ಕನ್ನಡಿಯಂತೆ ನುಣುಪಾಗಿರಬೇಕು. ಕಿತ್ತಳೆ ಸಿಪ್ಪೆಯಂತೆ ತರಿತರಿ ಇರುವ ರಿಫ್ಲೆಕ್ಟರ್ ಬೆಳಕನ್ನು ಮೆತ್ತಗೆ ಮಾಡುತ್ತದೆ, ದೂರ ತಿನ್ನುತ್ತದೆ. ಜೂಮ್ ಟಾರ್ಚಿನಲ್ಲಿ ಲೆನ್ಸ್ ಮುಂದಕ್ಕೆ ಎಳೆದಾಗ ಪಕ್ಕಕ್ಕೆ ಹೋದ ಬೆಳಕೆಲ್ಲ ಒಳಗೇ ಸಾಯುತ್ತದೆ, ಗೋಡೆ ಮೇಲೆ ಚೌಕಾಕಾರದ ಚಿಪ್ಪಿನ ಚಿತ್ರ ಮಾತ್ರ ಉಳಿಯುತ್ತದೆ. ನನಗೆ ಆ ಜಾತಿ ಟಾರ್ಚು ಕಂಡರೇ ಆಗುವುದಿಲ್ಲ.

ಮೊದಲು ಇಂಥ ಸಾಮಾನಿಗೆ ಚೀನಾದ ಆನ್‌ಲೈನ್ ಅಂಗಡಿ ಅಲಿ ಎಕ್ಸ್‌ಪ್ರೆಸ್ ಇತ್ತು. 2020ರ ನವೆಂಬರ್‌ನಲ್ಲಿ ಆ ಆ್ಯಪ್ ನಮ್ಮ ದೇಶದಲ್ಲಿ ಬಂದ್ ಆಯಿತು. ಧಾರವಾಡದ ಗೆಳೆಯನ ಹತ್ತಿರ ಕಾನ್ವಾಯ್ ಸಿ8 ಪ್ಲಸ್ ಅನ್ನುವ ಟಾರ್ಚು ಒಂದು ಇತ್ತು, ಅವನೇ ಎಲ್‌ಇಡಿ ಬದಲಿಸಿ ಓಸ್ರಾಮ್‌ನ ಎರಡು ಚದರ ಮಿಲಿಮೀಟರಿನದನ್ನು ಕೂರಿಸಿದ್ದ. ಟಾರ್ಚಿನ ಹುಚ್ಚಿರುವವರು ಇದನ್ನು ಡಬ್ಲ್ಯೂ2 ಅನ್ನುತ್ತಾರೆ. ತಳದಲ್ಲಿ ತಾಮ್ರದ ಬಿಲ್ಲೆ ಇದೆ, ಎಲ್‌ಇಡಿಯ ಶಾಖ ನೇರವಾಗಿ ಮೈಗೆ ಇಳಿಯುತ್ತದೆ. 1,800 ರೂಪಾಯಿಗೆ ಮಾತು ಮುಗಿಯಿತು. ಹಚ್ಚಿದ ಸ್ವಲ್ಪ ಹೊತ್ತಿಗೇ ತಲೆ ಬಿಸಿಯಾಗುತ್ತದೆ ಅಂತ ಮನೆಯವರಿಗೆ ಗಾಬರಿ. ಮೈ ಬಿಸಿಯಾಗುತ್ತಿದೆ ಅಂದರೆ ಶಾಖ ಹೊರಬರುತ್ತಿದೆ ಅಂತ ಅರ್ಥ. ಭಾರೀ ಬೆಳಕು ಕೊಟ್ಟೂ ತಣ್ಣಗಿರುವ ಟಾರ್ಚಿನ ಬಗ್ಗೆ ಹೆದರಬೇಕು.

ಒಳಗಿನ ಡ್ರೈವರಿನಲ್ಲಿ, ಅಂದರೆ ಎಲ್‌ಇಡಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಬೋರ್ಡಿನಲ್ಲಿ, 7135 ಅನ್ನುವ ಚಿಪ್ಪುಗಳು ಎಂಟಿವೆ. ಒಂದೊಂದೂ 350 ಮಿಲಿಆ್ಯಂಪ್ ಬಿಡುತ್ತದೆ, ಒಟ್ಟು 2.8 ಆ್ಯಂಪ್. ಹಿಂದಿನ ಮುಚ್ಚಳ ತೆಗೆದು ಮಲ್ಟಿಮೀಟರ್ ಹಚ್ಚಿ ನೋಡಿದಾಗ ಸ್ವಲ್ಪ ಕಡಿಮೆ ತೋರಿಸಿತು. ಹಿಂದಿನ ಸ್ಪ್ರಿಂಗು ತೆಳು ಉಕ್ಕಿನದು, ಅದರ ತಡೆಯಲ್ಲೇ ಸ್ವಲ್ಪ ವೋಲ್ಟೇಜ್ ಹೋಗುತ್ತದೆ. ಸ್ಪ್ರಿಂಗಿನ ಬುಡದಿಂದ ತುದಿಗೆ ಸಿಲಿಕಾನ್ ಹೊದಿಕೆಯ ತಾಮ್ರದ ತಂತಿ ಬೆಸುಗೆ ಹಾಕಿದೆ. ಸೆಲ್ಲು ಅರ್ಧ ಇಳಿದ ಮೇಲೆ ಇದರ ಗುಣ ಗೊತ್ತಾಗುತ್ತದೆ.

ಪಂಚಮಿ ಹೊತ್ತಿಗೆ: ಸೆಲ್ಲು

ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು, ಹಿಡಿಯಬೇಕಾದದ್ದೇ. ಟಾರ್ಚು ಎಷ್ಟೇ ಚಲೋ ಇರಲಿ, 2.8 ಆ್ಯಂಪ್ ಕೊಡಲಾರದ ಸೆಲ್ಲು ಹಾಕಿದರೆ ಅದು ಸೋವಿ ಟಾರ್ಚೇ.

ಬೇಕಾದದ್ದು 18650 ಅನ್ನುವ ಲಿಥಿಯಂ ಸೆಲ್ಲು. ಹೆಸರೇ ಅಳತೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ತುಂಬಿದಾಗ 4.2 ವೋಲ್ಟ್, ಸರಾಸರಿ 3.6. ಪೇಟೆಯಲ್ಲಿ ಮೊದಲು ಕೈಗೆ ಬಂದದ್ದು ಮೈ ಮೇಲೆ 9900 ಎಂಎಎಚ್ ಅಂತ ಬರೆದ ಸೆಲ್ಲು, ನೂರೈವತ್ತಕ್ಕೆ ಎರಡು. ಸೆಲ್ಲು ಎಷ್ಟು ಕರೆಂಟು ಹಿಡಿದಿಡುತ್ತದೆ ಅನ್ನುವ ಅಳತೆ ಎಂಎಎಚ್. ಈ ಅಳತೆಯ ಡಬ್ಬಿಯಲ್ಲಿ ಒಳ್ಳೆಯ ಕಂಪನಿಗಳೇ ಕೊಡುವುದು 3,500ರ ಆಸುಪಾಸು. ಒಂದನ್ನು ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಹಾಕಿಸಿದೆ. ಅಸಲಿ 18650 ಸುಮಾರು 45ರಿಂದ 48 ಗ್ರಾಂ ತೂಗುತ್ತದೆ. ಇದು 30ನ್ನೂ ಮುಟ್ಟಲಿಲ್ಲ. "ಬಂಗಾರ ಆಗಿದ್ರ ನಿಮಗ ಭಾಳ ಲುಕ್ಸಾನ್ ಆಗತಿತ್ರಿ" ಅಂದರು ಅವರು.

ಆಮೇಲೆ ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಯಲ್ಲಿ ಸತ್ತ ಲ್ಯಾಪ್‌ಟಾಪ್ ಬ್ಯಾಟರಿ ಸಿಕ್ಕಿತು. ಆರು ಸೆಲ್ಲಿನ ಪ್ಯಾಕು, ಎರಡೆರಡರ ಮೂರು ಜೋಡಿ. ಇಂಥವು ಸಾಮಾನ್ಯವಾಗಿ ಒಂದು ಜೋಡಿ ಕೆಟ್ಟಿದ್ದಕ್ಕೇ ಪೂರ್ತಿ ಸತ್ತಿರುತ್ತವೆ. ಬಿಚ್ಚುವಾಗ ಕಬ್ಬಿಣದ ಮೊನೆ ತಾಗಿ ಶಾರ್ಟ್ ಆಗದಂತೆ ನೋಡಿಕೊಳ್ಳಬೇಕು. 2 ವೋಲ್ಟಿಗಿಂತ ಕೆಳಗಿದ್ದವನ್ನು ಬದಿಗೆ ಹಾಕಿದೆ, ಮತ್ತೆ ಚಾರ್ಜ್ ಮಾಡುವ ಗೋಜಿಗೆ ಹೋಗಲಿಲ್ಲ. ಉಳಿದವನ್ನು 4.2ಕ್ಕೆ ತುಂಬಿಸಿ ಒಂದು ವಾರ ಸುಮ್ನೆ ಇಟ್ಟೆ. 4.1ಕ್ಕಿಂತ ಕೆಳಗಿಳಿದವೂ ಹೊರಗೆ. ಪಾಸಾದವು ಟಾರ್ಚಿನಲ್ಲಿ ಉರಿಯುತ್ತವೆ, ಆದರೆ ಭಾರ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಬೆಳಕು ಬೇಗ ಮಂಕಾಗುತ್ತದೆ. ಅವನ್ನು ದನದ ಕೊಟ್ಟಿಗೆಯ ಚಿಕ್ಕ ದೀಪಕ್ಕೆ ಬಿಟ್ಟಿದ್ದೇನೆ.

ಕೊನೆಗೆ ಹೊಸ ಸ್ಯಾಮ್‌ಸಂಗ್ 30ಕ್ಯೂ ಎರಡು ತಂದೆ, ಎರಡಕ್ಕೂ ಸೇರಿ 800 ರೂಪಾಯಿ. 3,000 ಎಂಎಎಚ್, 15 ಆ್ಯಂಪ್‌ವರೆಗೆ ಕೊಡುತ್ತದೆ. ಅದೇ ಕಂಪನಿಯ 35ಇ ಯಲ್ಲಿ 3,500 ಇದೆ, ಅದರ ಮಿತಿ 8 ಆ್ಯಂಪ್. ನಮ್ಮ ಟಾರ್ಚಿಗೆ ಅದೂ ನಡೆಯುತ್ತಿತ್ತು, ಅಂಗಡಿಯಲ್ಲಿ ಇರಲಿಲ್ಲ. ಲೆಕ್ಕದ ಪ್ರಕಾರ ಪೂರ್ತಿ ಬೆಳಕಿನಲ್ಲಿ ಒಂದು ತಾಸಿನ ಮೇಲೆ ಸ್ವಲ್ಪ. ಕಾವಲಿಗೆ ಆಗಾಗ ಅರೆನಿಮಿಷ ಹಚ್ಚಿ ಆರಿಸುವುದು, ಹಾಗಾಗಿ ಒಂದು ಸೆಲ್ಲು ಒಂದು ರಾತ್ರಿಗೆ ಧಾರಾಳ.

ಕೊಳ್ಳುವವರಿಗೆ ಒಂದು ಮಾತು. ಒಳಗೇ ರಕ್ಷಣೆಯ ಸರ್ಕ್ಯೂಟ್ ಇರುವ ಸೆಲ್ಲು 68ರಿಂದ 70 ಮಿ.ಮೀ. ಉದ್ದ ಇರುತ್ತದೆ. ಟಾರ್ಚಿನ ಕೊಳವೆಯಲ್ಲಿ ಹಿಡಿಸುತ್ತದೋ ಇಲ್ಲವೋ ನೋಡಿ ತಗೊಳ್ಳಿ.

ಚಾರ್ಜಿಂಗ್

ಟಿಪಿ4056 ಅನ್ನುವ ಚಾರ್ಜಿಂಗ್ ಬೋರ್ಡು, 40 ರೂಪಾಯಿ. 5 ವೋಲ್ಟ್ ಕೊಟ್ಟರೆ 1 ಆ್ಯಂಪ್‌ನಲ್ಲಿ ತುಂಬಿಸಿ 4.2ಕ್ಕೆ ತಾನೇ ನಿಲ್ಲುತ್ತದೆ. ಖಾಲಿ 30ಕ್ಯೂ ತುಂಬಲು ನಾಲ್ಕು ತಾಸಿನ ಹತ್ತಿರ ಬೇಕು. ಇದರ ಔಟ್‌ಪುಟ್ಟಿನಿಂದಲೇ ಟಾರ್ಚು ಉರಿಸಬಹುದಲ್ವಾ ಅಂತ ಗೆಳೆಯ ಕೇಳಿದ. ಬೇಡ. ಅದರ ರಕ್ಷಣೆಯ ಚಿಪ್ಪು 3 ಆ್ಯಂಪ್ ಆಸುಪಾಸಿಗೇ ಕಟ್ ಮಾಡುತ್ತದೆ, ನಮ್ಮದು ಅದೇ ಅಂಚಿನಲ್ಲಿದೆ. ಸೆಲ್ಲನ್ನು ಹೋಲ್ಡರಿನಲ್ಲಿ ಚಾರ್ಜ್ ಮಾಡಿ, ತೆಗೆದು ಟಾರ್ಚಿಗೆ ಹಾಕುವುದೇ ಸರಿ.

ಹೊಲದಲ್ಲಿ ಕರೆಂಟು ಯಾವಾಗ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಔಷಧ ಹೊಡೆಯುವ ಪಂಪಿನ 12 ವೋಲ್ಟ್, 8 ಆ್ಯಂಪ್‌ಅವರ್ ಬ್ಯಾಟರಿಗೆ ಕಾರಿನ ಯುಎಸ್‌ಬಿ ಚಾರ್ಜರ್ ಕಟ್ಟಿ, ಅದರಿಂದ ಟಿಪಿ4056ಗೆ ಕೊಟ್ಟಿದ್ದೇನೆ. ಪಂಪಿನ ಬ್ಯಾಟರಿಯಲ್ಲಿ 96 ವ್ಯಾಟ್‌ಅವರ್, ಸೆಲ್ಲಿಗೆ ಬೇಕಾದದ್ದು ಸುಮಾರು 11. ನಡುವೆ ಹಾಳಾಗುವುದನ್ನು ಕಳೆದು, ಬ್ಯಾಟರಿಯನ್ನು ಅರ್ಧಕ್ಕಿಂತ ಇಳಿಸದೆ, ಎರಡು ಸಲವಂತೂ ತುಂಬಿಸಬಹುದು. ಮರುದಿನ ಔಷಧ ಹೊಡೆಯುವುದಿದ್ದರೆ ಮಾತ್ರ ಮನೆಯಲ್ಲಿ ಜಗಳ.

ಗಣಪತಿ ಕೂತ ಮೇಲೆ: ಹೊಲದಲ್ಲಿ

ಮೊದಲು ಪಡಸಾಲೆಯ ಅಳತೆ. ಹತ್ತು ಮೀಟರಿಗೆ 950 ಲಕ್ಸ್, ಅಂದರೆ 95,000 ಕ್ಯಾಂಡೆಲಾ. ಕಾಗದದ ಮೇಲೆ 616 ಮೀಟರ್. ಕೆಲಸಕ್ಕೆ ಬರುವ ದೂರ ಅದರ ಅರ್ಧ ಅಂತ ಹಿಡಿಯಬೇಕು, ಕೆಲವು ಸಲ ಮೂರರಲ್ಲಿ ಒಂದು ಪಾಲು. ನಮ್ಮ 250 ಮೀಟರಿಗೆ ಸುಮಾರು 1.5 ಲಕ್ಸ್ ಬೀಳುತ್ತದೆ, ಹುಣ್ಣಿಮೆಯ ಆರು ಪಟ್ಟು.

ಅಟ್ಟಣಿಗೆಯಿಂದ ನೋಡಿದರೆ ಆಚೆ ಬದುವಿನ ಜಾಲಿ ಗಿಡ ಕೊಂಬೆ ಸಮೇತ ಕಾಣುತ್ತದೆ. ಹಂದಿ ಬಂದದ್ದೂ ಕಂಡಿತು: ಕಣ್ಣು ಹೊಳೆಯಲಿಲ್ಲ, ಕಪ್ಪು ಬೆನ್ನು ಸಾಲಿನ ನಡುವೆ ಸರಿಯಿತು, ಪಕ್ಕದ ದಂಟು ಅಲುಗಾಡಿತು. ಕಾಕಾ ತಗಡು ಬಡಿದ. ಬೆಳಕಿಗೇ ಹಂದಿ ಓಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲಿದೆ ಅಂತ ತಿಳಿಯಲು ಟಾರ್ಚು, ಓಡಿಸಲು ತಗಡು.

ಮಳೆಯಾದ ರಾತ್ರಿ ಮಂಜು ಕವಿದರೆ ಬೆಳಕಿನ ಕಂಬವೇ ಕಣ್ಣಿಗೆ ಅಡ್ಡ ಬರುತ್ತದೆ. ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿಯದೆ ಸೊಂಟದ ಹತ್ತಿರ, ಪಕ್ಕಕ್ಕೆ ಹಿಡಿದರೆ ಸ್ವಲ್ಪ ವಾಸಿ.

ಇದನ್ನು ಹಿಡಿದು ಹೊಲದಲ್ಲಿ ನಡೆಯಲು ಹೋಗಬೇಡಿ. ದೂರ ಬೆಳಗುತ್ತದೆ, ಕಾಲ ಬುಡದಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಹುಳಹುಪ್ಪಡಿ ಇರುವುದು ಕಾಲ ಬುಡದಲ್ಲೇ. ಬದುವಿನ ಮೇಲೆ ಓಡಾಡಲು ತಲೆಗೆ ಕಟ್ಟುವ ಅಗಲ ಬೆಳಕಿನ ಲೈಟು ಬೇರೆ ಇರಬೇಕು. ಹೆದ್ದಾರಿಯ ಕಡೆಗಂತೂ ಯಾವತ್ತೂ ತಿರುಗಿಸಬಾರದು. ಚಿಗರಿ ಬಂದರೂ ಅಷ್ಟೇ, ಕಂಡ ಮೇಲೆ ಬೆಳಕು ಪಕ್ಕಕ್ಕೆ ಸರಿಸಿ, ತಗಡು ಬಡಿದು ಕಳಿಸುತ್ತೇವೆ. ಇಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರಿಂದ ಇದೆ, ಊರಿನವರಿಗೆ ಅದರ ಕಾಯ್ದೆ ಗೊತ್ತು.

ಖರ್ಚು, ಬಾಕಿ ಕೆಲಸ

ಟಾರ್ಚು 1,800, ಸೆಲ್ಲು 800, ಬೋರ್ಡು 40, ಹೋಲ್ಡರ್ 30, ಕಾರಿನ ಚಾರ್ಜರ್ 150. ಒಟ್ಟು 2,820 ರೂಪಾಯಿ.

ಮುಂದಿನ ಮಳೆಗೆ ಮೊದಲು ಮುಚ್ಚಳದ ರಬ್ಬರ್ ಉಂಗುರಕ್ಕೆ ಸಿಲಿಕಾನ್ ಗ್ರೀಸ್ ಹಚ್ಚಬೇಕು. ಸ್ವಿಚ್ಚು ಸ್ವಲ್ಪ ಗಟ್ಟಿ, ಕಾಕಾನ ಹೆಬ್ಬೆರಳಿಗೆ ಹೊಂದುತ್ತಿಲ್ಲ, ಅದನ್ನು ಬದಲಿಸಬೇಕು. ತೆನೆ ಮುರಿದ ಮೇಲೆ ಸೆಲ್ಲುಗಳನ್ನು 3.7 ವೋಲ್ಟಿಗೆ ಇಳಿಸಿ, ಟಾರ್ಚಿನಿಂದ ಹೊರತೆಗೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಂಗಾರಿನ ಕಡಲೆ ಕಾವಲು ಬರುವ ತನಕ ಇಡುತ್ತೇನೆ.