ಮಾಪನ ಪ್ರಯೋಗಾಲಯದವರು ಬಿಲ್ಲು ಹಿಡಿದ ದಿನ

ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಸಣ್ಣ ಕ್ಯಾಲಿಬ್ರೇಶನ್ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ಕಾರ್ಖಾನೆಗಳಿಂದ ಬರುವ ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್, ಡಯಲ್ ಗೇಜ್‌ಗಳು ಸರಿಯಾದ ಅಳತೆಯನ್ನೇ ತೋರಿಸುತ್ತಿವೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ನಮ್ಮ ಕಸುಬು. ಹೊಸದಾಗಿ ಸೇರಿದವರಿಗೆ ಮೊದಲ ದಿನ ಪಾಠ ಹೇಳುವಾಗ ನಾವು ಬೋರ್ಡಿನ ಮೇಲೆ ಬರೆಯುವುದು ಬಿಲ್ಲುಗಾರರ ಗುರಿಫಲಕದ ಚಿತ್ರವನ್ನೇ: ಒಂದರಲ್ಲಿ ಚುಕ್ಕೆಗಳೆಲ್ಲ ನಟ್ಟನಡುವೆ, ಇನ್ನೊಂದರಲ್ಲಿ ಒಂದು ಅಂಚಿನಲ್ಲಿ ಒತ್ತೊತ್ತಾಗಿ, ಮತ್ತೊಂದರಲ್ಲಿ ಚೆಲ್ಲಾಪಿಲ್ಲಿಯಾಗಿ. ಈ ಚಿತ್ರವನ್ನು ವರ್ಷಗಟ್ಟಲೆ ಬರೆಯುತ್ತ ಬಂದಿದ್ದರೂ ನಮ್ಮಲ್ಲಿ ಯಾರೂ ನಿಜವಾದ ಗುರಿಫಲಕದ ಎದುರು ನಿಂತವರಾಗಿರಲಿಲ್ಲ. ಹೀಗಾಗಿ, ಈ ಬಾರಿ ಕಚೇರಿಯ ಪ್ರವಾಸಕ್ಕೆ ರೆಸಾರ್ಟ್ ಬೇಡ, ಊರಾಚೆ ಇರುವ ಬಿಲ್ಲುಗಾರಿಕೆಯ ತರಬೇತಿ ಮೈದಾನಕ್ಕೆ ಹೋಗೋಣ ಎಂದು ಯಾರೋ ಸೂಚಿಸಿದಾಗ ಎಲ್ಲರೂ ಒಪ್ಪಿದ್ದು ನನಗೇನೂ ಆಶ್ಚರ್ಯವೆನಿಸಲಿಲ್ಲ.

ತರಬೇತುದಾರರಾಗಿದ್ದ ಯುವತಿ ಬಿಲ್ಲನ್ನು ಕೈಗೆ ಕೊಡುವ ಮೊದಲು ಸೀಟಿಯ ನಿಯಮಗಳನ್ನು ಕಲಿಸಿದರು. ಎರಡು ಸಲ ಊದಿದರೆ ಗೆರೆಯ ಬಳಿಗೆ ಬರಬೇಕು, ಒಂದು ಸಲ ಊದಿದರೆ ಬಾಣ ಬಿಡಬಹುದು, ಮೂರು ಸಲ ಊದಿದ ಮೇಲಷ್ಟೇ ಬಾಣ ತರಲು ಹೋಗಬೇಕು, ಅದೂ ಓಡದೆ ನಡೆದುಕೊಂಡು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಲೇಬಾರದು ಎಂದು ಅವರು ಒತ್ತಿ ಹೇಳಿದರು. ಬಾಣ ಹೊತ್ತೊಯ್ಯಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಮರಳಿ ಅದರ ತೋಳುಗಳು ಸೀಳಬಹುದಂತೆ. ಆ ಬಳಿಕ ಪ್ರತಿಯೊಬ್ಬರ ಪ್ರಬಲ ಕಣ್ಣು, ಅಂದರೆ ಗುರಿ ನೋಡುವಾಗ ಹೆಚ್ಚು ನೆಚ್ಚಿಕೊಳ್ಳುವ ಕಣ್ಣು, ಯಾವುದೆಂದು ಪರೀಕ್ಷಿಸಿದರು. ಬಲಗೈಯಲ್ಲೇ ಬರೆಯುವ, ಉಣ್ಣುವ ನಮ್ಮ ಹಿರಿಯ ತಂತ್ರಜ್ಞರೊಬ್ಬರಿಗೆ ಎಡಗಣ್ಣೇ ಪ್ರಬಲವೆಂದು ತಿಳಿದು, ಅವರ ಕೈಗೆ ಎಡಗೈಯವರ ಬಿಲ್ಲು ಬಂತು. ಇಷ್ಟು ವರ್ಷ ಸೂಕ್ಷ್ಮದರ್ಶಕದಲ್ಲಿ ತಾವು ಯಾವ ಕಣ್ಣಿನಿಂದ ನೋಡುತ್ತಿದ್ದೆವೆಂದು ನೆನಪಿಸಿಕೊಳ್ಳುವುದರಲ್ಲೇ ಅವರ ಅರ್ಧ ಗಂಟೆ ಕಳೆಯಿತು.

ನಮಗೆ ಕೊಟ್ಟದ್ದು ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು; ಅದನ್ನು ಎಳೆದು ಹಿಡಿಯಲು ಬೇಕಾದ ಬಲ ಸುಮಾರು 18 ಪೌಂಡ್. ಗುರಿ ಇದ್ದದ್ದು ಕೇವಲ 10 ಮೀಟರ್ ದೂರದಲ್ಲಿ. ತೋರುಬೆರಳು ಬಾಣದ ಮೇಲೆ, ಮುಂದಿನ ಎರಡು ಬೆರಳುಗಳು ಅದರ ಕೆಳಗೆ, ಹೆಬ್ಬೆರಳು ಅಂಗೈಯೊಳಗೆ ಮಡಚಿರಬೇಕು ಎಂದೊಡನೆ ನಮ್ಮಲ್ಲೊಬ್ಬರು, 'ಹಾಗಾದರೆ ಏಕಲವ್ಯ ಕಳೆದುಕೊಂಡದ್ದೇನು ಮೇಡಂ?' ಎಂದು ಕೇಳಿಯೇಬಿಟ್ಟರು. ಹೆಬ್ಬೆರಳಿನಿಂದಲೇ ಹೆದೆಯನ್ನು ಎಳೆಯುವ ಪದ್ಧತಿ ಏಷ್ಯಾದಲ್ಲಿ ಬಹಳ ಹಳೆಯದು, ಮಂಗೋಲಿಯಾದಲ್ಲಿಯೂ ಕೊರಿಯಾದ ಸಾಂಪ್ರದಾಯಿಕ ಬಿಲ್ಲುಗಾರರಲ್ಲಿಯೂ ಅದು ಇಂದಿಗೂ ಇದೆ ಎಂದು ಅವರು ಉತ್ತರಿಸಿದ ರೀತಿ ನೋಡಿದರೆ, ಪ್ರತಿ ತಂಡದಲ್ಲೂ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳುತ್ತಾರೆಂದು ತೋರುತ್ತದೆ. ಕ್ಯಾಲೆಂಡರ್ ಚಿತ್ರದ ಅರ್ಜುನನಂತೆ ಹೆದೆಯನ್ನು ಕಿವಿಯವರೆಗೆ ಸೆಳೆಯುವಂತೆಯೂ ಇರಲಿಲ್ಲ. ಎಳೆದ ಕೈ ಪ್ರತಿ ಸಲವೂ ಗಲ್ಲದ ಕೆಳಗೆ ಅದೇ ಜಾಗದಲ್ಲಿ ಬಂದು ನಿಲ್ಲಬೇಕು, ಎಳೆಯುವ ಬಲ ತೋಳಿನಿಂದಲ್ಲ, ಬೆನ್ನಿನಿಂದ ಬರಬೇಕು.

ಮೊದಲ ಸುತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲರ ಬಾಣಗಳೂ ನಡುವಿನ ಹಳದಿಗಿಂತ ಮೇಲೆಯೇ ನಾಟಿದ್ದವು. ಒಬ್ಬರ ಬಾಣ ಮೇಲೆ ಹೋದರೆ ಅದು ಆಕಸ್ಮಿಕವೆನ್ನಬಹುದು, ಎಲ್ಲರದೂ ಹೋದರೆ ಅದಕ್ಕೊಂದು ಕಾರಣವಿರಲೇಬೇಕು ಎಂದು ನಮ್ಮ ವೃತ್ತಿಬುದ್ಧಿ ಕೂಡಲೇ ಎಚ್ಚೆತ್ತುಕೊಂಡಿತು. ಕಾರಣ ಸರಳವಾದದ್ದೇ. ಹೆದೆಯನ್ನು ಹಿಡಿದ ಕೈ ಗಲ್ಲದ ಕೆಳಗಿರುವುದರಿಂದ ಬಾಣದ ಹಿಂತುದಿ ಕಣ್ಣಿಗಿಂತ ಕೆಳಗಿರುತ್ತದೆ. ಬಾಣದ ಮುಂತುದಿಯನ್ನು ನಡುವಿಗೆ ಹಿಡಿದರೆ ಬಾಣ ಮೇಲ್ಮುಖವಾಗಿಯೇ ಹೊರಡುತ್ತದೆ, ಮತ್ತು 10 ಮೀಟರಿನಷ್ಟು ಹತ್ತಿರದಲ್ಲಿ ಅದು ಇಳಿಯತೊಡಗುವ ಮುನ್ನವೇ ಫಲಕ ಎದುರಾಗುತ್ತದೆ. ಆದ್ದರಿಂದ ಗುರಿಯ ಕೆಳಗೆ ಗುರಿಯಿಡಬೇಕು.

ಅಂದಿನ ನಿಜವಾದ ಪಾಠ ಸಿಕ್ಕಿದ್ದು ನಮ್ಮ ಮ್ಯಾನೇಜರ್ ಅವರ ಫಲಕದಲ್ಲಿ. ಒಬ್ಬ ಕಿರಿಯ ಸಹೋದ್ಯೋಗಿಯ ಒಂದು ಬಾಣ ಹಳದಿಗೆ ನಾಟಿತ್ತು, ಉಳಿದವು ಕಪ್ಪು, ಬಿಳಿ ವಲಯಗಳಲ್ಲಿ ಚದುರಿದ್ದವು; ನಾವೆಲ್ಲ ಅವನಿಗೇ ಚಪ್ಪಾಳೆ ತಟ್ಟಿದೆವು. ಮ್ಯಾನೇಜರ್ ಅವರ ಬಾಣಗಳು ಎಡಮೇಲ್ಭಾಗದ ನೀಲಿ ವಲಯದಲ್ಲಿ ಒಂದು ಅಂಗೈಯಗಲದೊಳಗೆ ಒಟ್ಟಾಗಿದ್ದವು. ತರಬೇತುದಾರರು ಹಳದಿಯ ಕಡೆಗೆ ಕಣ್ಣೆತ್ತಿಯೂ ನೋಡದೆ, 'ಈ ಸರ್ ಅವರದನ್ನು ಈಗಲೇ ತಿದ್ದಬಹುದು' ಎಂದು ಅವರ ಬಿಲ್ಲಿಗೊಂದು ಸೈಟ್, ಅಂದರೆ ಗುರಿ ಹಿಡಿಯಲು ನೆರವಾಗುವ, ಸರಿಸಬಹುದಾದ ಸಾಧನ, ಜೋಡಿಸಿದರು. ಸೈಟ್ ಅನ್ನು ಸರಿಸಬೇಕಾದದ್ದು ಬಾಣ ಹೋದ ದಿಕ್ಕಿಗೇ, ಅಂದರೆ ಮೇಲಕ್ಕೂ ಎಡಕ್ಕೂ. ದೋಷವನ್ನು ಕಳೆದು ಅಭ್ಯಾಸವಾದ ನಮಗೆ ಇದು ತಿರುವುಮುರುವಾಗಿ ಕಂಡಿತು. ಆದರೆ ಎಡಕ್ಕೆ ಸರಿದ ಸೈಟ್ ಅನ್ನು ಮತ್ತೆ ನಡುವಿಗೆ ತರಲು ಇಡೀ ಬಿಲ್ಲನ್ನೇ ಬಲಕ್ಕೆ ತಿರುಗಿಸಬೇಕಾಗುತ್ತದೆ ಎಂಬುದು ಹೊಳೆದ ಮೇಲೆ ಅನುಮಾನ ಉಳಿಯಲಿಲ್ಲ. ಮುಂದಿನ ಸುತ್ತಿನಲ್ಲಿ ಅವರ ಬಾಣಗಳು ಹಳದಿಯನ್ನು ತಾಗಿಕೊಂಡಂತೆ ಕೆಂಪಿನಲ್ಲಿ ನಿಂತವು. ಕಿರಿಯನಿಗೆ ಕೊಡಲು ತರಬೇತುದಾರರ ಬಳಿ ಅಂಥ ಸುಲಭದ ತಿದ್ದುಪಡಿ ಇರಲಿಲ್ಲ. ಚದುರುವಿಕೆಗೆ ಸ್ಕ್ರೂ ತಿರುಗಿಸುವ ಪರಿಹಾರವಿಲ್ಲ, ಅಭ್ಯಾಸವೊಂದೇ ದಾರಿ.

ಚಹಾದ ವೇಳೆ ಮಾತು ಒಲಿಂಪಿಕ್ಸ್ ಕಡೆಗೆ ಹೊರಳಿತು. ಅಲ್ಲಿ ದೂರ 70 ಮೀಟರ್, ಹತ್ತು ಅಂಕದ ವೃತ್ತದ ವ್ಯಾಸ 12.2 ಸೆಂ.ಮೀ. ಲೆಕ್ಕ ಹಾಕಿದರೆ, ನಡುವಿನಿಂದ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ ತಪ್ಪಿದರೂ ಬಾಣ ಆ ವೃತ್ತದ ಗೆರೆಗೆ ಬಂದಿರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಫೈನಲ್‌ನಲ್ಲಿ ಕೊರಿಯಾದ ಕಿಮ್ ವೂ-ಜಿನ್ ಮತ್ತು ಅಮೆರಿಕದ ಬ್ರೇಡಿ ಎಲಿಸನ್ ಸಮಬಲ ಸಾಧಿಸಿ, ಕೊನೆಯ ಒಂದೊಂದು ಬಾಣದಲ್ಲಿಯೂ ಇಬ್ಬರೂ ಹತ್ತು ಅಂಕ ಪಡೆದಾಗ, ಚಿನ್ನ ನಿರ್ಧಾರವಾದದ್ದು ಕೇಂದ್ರದಿಂದ ಬಾಣಗಳಿಗಿದ್ದ ದೂರದಿಂದ: 55.8 ಮಿ.ಮೀ. ಮತ್ತು 60.7 ಮಿ.ಮೀ. ಈ 4.9 ಮಿಲಿಮೀಟರಿನ ಅಂತರವನ್ನು ಯಾವ ಉಪಕರಣದಿಂದ ಅಳೆದಿರಬಹುದು, ಬಾಣ ಹೊಕ್ಕು ಹರಿದ ಕಾಗದದಲ್ಲಿ ಕೇಂದ್ರವನ್ನು ಹೇಗೆ ನಿಗದಿಪಡಿಸಿರಬಹುದು ಎಂಬ ಚರ್ಚೆ ಎಷ್ಟು ಬಿಸಿಯೇರಿತೆಂದರೆ, ಮೂರು ಸಲ ಊದಿದ ಸೀಟಿಯೂ ನಮ್ಮ ಕಿವಿಗೆ ಬೀಳಲಿಲ್ಲ.

ಹೊರಡುವಾಗ ಮ್ಯಾನೇಜರ್ ಅವರ ಮೊದಲ ಸುತ್ತಿನ ಕಾಗದವನ್ನು ಕೇಳಿ ಪಡೆದುಕೊಂಡೆವು. ಸೋಮವಾರ ಅದನ್ನು ಪ್ರಯೋಗಾಲಯದ ಮೇಜಿನ ಮೇಲೆ ಹರಡಿ, ಪ್ರತಿ ರಂಧ್ರದ ಸ್ಥಾನವನ್ನು ಅಳೆದು, ಶೂನ್ಯದೋಷ, ಪುನರಾವರ್ತನೆ, ಅನಿಶ್ಚಿತತೆ ಎಲ್ಲವನ್ನೂ ನಮೂದಿಸಿ ಕ್ರಮಬದ್ಧವಾದ ಪ್ರಮಾಣಪತ್ರವನ್ನೇ ಸಿದ್ಧಪಡಿಸಿದೆವು. ಅದಕ್ಕೆ ಸಹಿ ಹಾಕಲು ಅವರು ಇನ್ನೂ ಒಪ್ಪಿಲ್ಲ. ಪರೀಕ್ಷೆಗೆ ಒಳಗಾದ ಉಪಕರಣವೇ ತನ್ನ ಪ್ರಮಾಣಪತ್ರಕ್ಕೆ ಸಹಿ ಮಾಡುವಂತಿಲ್ಲ ಎಂಬುದು ಅವರ ಆಕ್ಷೇಪ.